ಸೆಗಯಾದ ಐರಿಷ್ ರೈಡರ್

ಬಹರೈನಿನ ಹುಲ್ಲಿಗೆ ಅದರದ್ದೇ ಒಂದು ವಾಸನೆ ಇದೆ. ಮಳೆ ಅಪರೂಪದ ಊರು. ಅಲ್ಲಿ ಹುಲ್ಲಿಗೆ ಬಿಡುವುದು ಶುದ್ಧೀಕರಿಸಿದ ಚರಂಡಿ ನೀರು. ಎಷ್ಟೇ ಶುದ್ಧ ಮಾಡಲಿ, ಸಂಜೆ ಹೊತ್ತು ಪೈಪು ಬಿಟ್ಟ ಕೂಡಲೇ ತಾನು ಎಲ್ಲಿಂದ ಬಂದದ್ದು ಎಂದು ಆ ನೀರು ಹೇಳಿಯೇ ಹೇಳುತ್ತದೆ. ಮೊನ್ನೆ, ಊರಿಗೆ ವಾಪಸಾಗಿ ಎಷ್ಟೋ ವರ್ಷಗಳ ಮೇಲೆ, ಗೆಳತಿಯ ಮಗಳ ಮದುವೆಗೆಂದು ಮತ್ತೆ ಅಲ್ಲಿಗೆ ಹೋಗಿದ್ದೆ. ಹಮದ್ ಟೌನಿನ ಒಂದು ವೃತ್ತದ ಹತ್ತಿರ ನಮ್ಮ ಕಾರು ನಿಂತಿತು. ವೃತ್ತದ ನಡುವಿನ ಹುಲ್ಲಿಗೆ ಆಗಷ್ಟೇ ನೀರು ಬಿಟ್ಟಿದ್ದರು. ಕಾರಿನಲ್ಲಿದ್ದ ಹುಡುಗಿಯರೆಲ್ಲ ಮೂಗು ಮುಚ್ಚಿಕೊಂಡು ಗಾಜು ಏರಿಸಿದರೆ ನಾನು ನನ್ನ ಬದಿಯ ಗಾಜನ್ನು ಪೂರ್ತಿ ಇಳಿಸಿ ಕತ್ತು ಹೊರಗೆ ಹಾಕಿದೆ. "ಆಂಟಿ, ಆರ್ ಯೂ ಓಕೆ?" ಎಂದಳು ಮದುಮಗಳು. ಓಕೆ ಎಂದರೆ ಎಂಥ ಓಕೆ! ಆ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನ್ನ ಗಂಟಲು ಕೂಗಲು ತಯಾರಾಗುತ್ತದೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಆ ಒಂದು ಚಳಿಗಾಲಕ್ಕೆ ಕರೆದುಕೊಂಡು ಹೋಗಬೇಕು.

ಎರಡು ಸಾವಿರದ ನಂತರದ ಮೊದಲ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ಮನಾಮಾದ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದೆ. ಅದೇ ಊರಿನ ಸೆಗಯಾ ಬಡಾವಣೆಯಲ್ಲಿ ಇಬ್ಬರು ನರ್ಸ್ ಗೆಳತಿಯರ ಜೊತೆ ಬಾಡಿಗೆ ಫ್ಲಾಟು. ಬೆನ್ನು ನೋವಿನ ಡ್ರೈವರುಗಳು, ಕುತ್ತಿಗೆ ನೋವಿನ ಅಕೌಂಟೆಂಟುಗಳು, ಸೋಫಾದಿಂದ ಏಳಲಾಗದ ಶ್ರೀಮಂತ ಅಜ್ಜಿಯರು, ಇವರೇ ನನ್ನ ಗಿರಾಕಿಗಳು. ನನ್ನ ಬಾಯಿ ಸ್ವಲ್ಪ ಜೋರು. "ಶಶಿಕಲಾ, ಪೇಶೆಂಟಿಗೆ ಬೈಯಬೇಡ" ಎಂದು ವಾರಕ್ಕೊಮ್ಮೆಯಾದರೂ ಮ್ಯಾನೇಜರ್ ಹೇಳುತ್ತಿದ್ದರು. ಬೈಯದಿದ್ದರೆ ಯಾರು ವ್ಯಾಯಾಮ ಮಾಡುತ್ತಾರೆ ಸ್ವಾಮಿ?

ಸೆಕೆ ಇಳಿದು ಗಾಳಿಗೆ ಒಂದಿಷ್ಟು ತಂಪು ಬಂದಿದ್ದ ಒಂದು ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿಕೊಂಡು ಕೀರನ್ ಒಳಗೆ ಬಂದ. ಕೆಂಪು ಕೂದಲು, ಮುರಿದು ಕೂಡಿದ ಮೂಗು, ಮಾತಾಡಿದರೆ ಅರ್ಧ ಹಾಡಿದ ಹಾಗಿನ ಇಂಗ್ಲಿಷು. ಐರ್ಲೆಂಡಿನ ಪಶ್ಚಿಮ ಕರಾವಳಿಯವನು, ವೃತ್ತಿಪರ ರಗ್ಬಿ ಆಟಗಾರನಾಗಿದ್ದವನು. ಈಗ ಬಹರೈನಿನ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು, ರಜೆಯ ದಿನಗಳಲ್ಲಿ ಇಲ್ಲಿಯ ಬಿಳಿಯರ ರಗ್ಬಿ ಕ್ಲಬ್ಬಿಗೆ ಆಡುತ್ತಾನೆ. ಎಡ ಮೊಣಕಾಲಿನ ಉದ್ದಕ್ಕೆ ಶಸ್ತ್ರಚಿಕಿತ್ಸೆಯ ಗೀರು.

ಮಂಜುಗಡ್ಡೆಯ ಚೀಲವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಮಲಗಿದವನು ಮಾತಾಡದೆ ಏನು ಮಾಡುತ್ತಾನೆ? ಹಾಗೆ ಮಲಗಿಯೇ ಅವನು ತನ್ನ ಕತೆಯೆಲ್ಲ ಹೇಳಿದ. ಅಪ್ಪನಿಗೆ ದನಗಳಿದ್ದವು. ಹಾಲು ಕರೆದು ಶಾಲೆಗೆ ಓಡುತ್ತಿದ್ದವನ ಓಟ ನೋಡಿ ಯಾರೋ ರಗ್ಬಿಗೆ ಎಳೆದು ತಂದರು. ಮೀಸೆ ಚಿಗುರುವ ವಯಸ್ಸಿಗೇ ಅಲ್ಲಿಯ ಪ್ರಾಂತ್ಯದ ತಂಡದಲ್ಲಿ ಕಾಂಟ್ರಾಕ್ಟು. ಅವನದ್ದು ವಿಂಗರ್ ಸ್ಥಾನ. ಹದಿನೈದು ಜನರ ಆಟದಲ್ಲಿ ವಿಂಗರ್ ಎಂದರೆ ಮೈದಾನದ ಕಟ್ಟಕಡೆಯ ಅಂಚಿನಲ್ಲಿ ನಿಲ್ಲುವವನು. ನಡುವಿನಲ್ಲಿ ದಪ್ಪ ದಪ್ಪ ಗಂಡಸರು ಚೆಂಡಿಗಾಗಿ ಗುದ್ದಾಡುತ್ತಿರುವಾಗ ಇವನು ಬದಿಯ ಗೆರೆಯ ಹತ್ತಿರ ಕಾಯುತ್ತಾ ನಿಂತಿರಬೇಕು. ಯಾವಾಗಲೋ ಒಮ್ಮೆ ಚೆಂಡು ಕೈಗೆ ಬರುತ್ತದೆ. ಬಂದ ಕೂಡಲೇ ಮನೆಗೆ ಬೆಂಕಿ ಬಿದ್ದವನ ಹಾಗೆ ಓಡಿ, ಎದುರಾಳಿಗಳ ಕೊನೆಯ ಗೆರೆ ದಾಟಿ, ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕು. ಅದಕ್ಕೆ ಟ್ರೈ ಎಂದು ಹೆಸರು. ದಾಟಿದರೆ ಸಾಲದು, ಮುಟ್ಟಿಸಬೇಕು. ಇಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಮ್ಮೆ ಅವನನ್ನು ದೇಶದ ತಂಡಕ್ಕೂ ಕರೆದಿದ್ದರಂತೆ. ಹಸಿರು ಜೆರ್ಸಿ ಹಾಕಿ ಇಡೀ ಪಂದ್ಯ ಬೆಂಚಿನಲ್ಲಿ ಕೂತು, ಆಗಾಗ ಎದ್ದು ಬದಿಯಲ್ಲಿ ಓಡಿ ಮೈ ಬಿಸಿ ಮಾಡಿಕೊಂಡು, ಮತ್ತೆ ಕೂತು, ಕೊನೆಗೆ ಸೀಟಿ ಊದಿದ್ದೇ ಮನೆಗೆ ಬಂದ. "ಅಮ್ಮ ಆ ಜೆರ್ಸಿ ಒಗೆಯಲಿಕ್ಕೆ ತೆಗೆದುಕೊಂಡು, ಒಗೆಯಲಿಕ್ಕೆ ಏನೂ ಇಲ್ಲವಲ್ಲೋ ಎಂದಳು" ಎಂದು ನಗುತ್ತಿದ್ದ. ಅದರ ಮುಂದಿನ ವರ್ಷವೇ ಓಡುತ್ತಾ ತಿರುಗುವಾಗ ಎಡ ಮೊಣಕಾಲಿನ ಒಳಗಿನ ನಾರು ಪಟ್ಟನೆ ತುಂಡಾಯಿತು. ಆಪರೇಷನ್ ಆಗಿ, ಕಾಲು ಗಟ್ಟಿಯಾಗಿ ವಾಪಸ್ ಹೋಗುವಷ್ಟರಲ್ಲಿ ಅವನ ಜಾಗದಲ್ಲಿ ಒಬ್ಬ ಎಳೆಯ ಹುಡುಗ ನಿಂತಿದ್ದ. ಕಾಂಟ್ರಾಕ್ಟು ಮುಂದುವರಿಯಲಿಲ್ಲ.

"ಫೆಬ್ರವರಿ ಕೊನೆಗೆ ನಾವು ದುಬೈ ತಂಡದ ಜೊತೆ ಆಡುತ್ತೇವೆ. ಫ್ರಾನ್ಸಿನ ಒಂದು ಕ್ಲಬ್ಬಿನ ಕೋಚ್ ನೋಡಲಿಕ್ಕೆ ಬರುತ್ತಾನೆ. ಎರಡನೇ ದರ್ಜೆಯ ಕ್ಲಬ್ಬು, ಆದರೂ ವೃತ್ತಿಪರ. ಅವರಿಗೆ ಒಬ್ಬ ವಿಂಗರ್ ಬೇಕು. ಶಶಿ, ಅದು ನನ್ನ ಕೊನೆಯ ಬಸ್ಸು" ಎಂದ.

ಆ ಬಸ್ಸನ್ನು ಇವನಿಗೆ ಹಿಡಿಸಿಯೇ ಸಿದ್ಧ ಎಂದು ನಾನೂ ಸೆರಗು ಕಟ್ಟಿದೆ. ಆದರೆ ತಮಾಷೆ ನೋಡಿ, ಅವನ ಕಾಲಿಗೆ ಏನೂ ಆಗಿರಲಿಲ್ಲ! ಬಲ ಅಳೆದರೆ ಎರಡೂ ಕಾಲು ಸಮ. ಕ್ಲಿನಿಕ್ಕಿನಲ್ಲಿ ಹಾರು ಎಂದರೆ ಹಾರುತ್ತಾನೆ, ಕುಪ್ಪಳಿಸು ಎಂದರೆ ಕುಪ್ಪಳಿಸುತ್ತಾನೆ. ಮೈದಾನಕ್ಕೆ ಇಳಿದರೆ ಮಾತ್ರ ಬೇರೆಯೇ ಮನುಷ್ಯ. ಅವನು ಎಡಬದಿಯ ವಿಂಗರ್. ಎದುರಿನವನನ್ನು ತಪ್ಪಿಸಿ ಮೈದಾನದ ಒಳಕ್ಕೆ ತಿರುಗಬೇಕಾದರೆ ಎಡಗಾಲನ್ನೇ ಊರಿ ಬಲಕ್ಕೆ ಚಿಮ್ಮಬೇಕು. ಅದನ್ನೇ ಮಾಡುತ್ತಿರಲಿಲ್ಲ. ಊರುವ ಹೊತ್ತಿಗೆ ಚಿಕ್ಕ ಚಿಕ್ಕ ಹೆಜ್ಜೆ ಹಾಕಿ ವೇಗ ಕೊಂದು, ಗೆರೆಯ ಪಕ್ಕದಲ್ಲೇ ನೆಟ್ಟಗೆ ಓಡುತ್ತಿದ್ದ. ನೆಟ್ಟಗೆ ಓಡುವ ವಿಂಗರನ್ನು ಗೆರೆಯಿಂದ ಹೊರಗೆ ನೂಕುವುದು ಯಾರಿಗೂ ಕಷ್ಟವಲ್ಲ.

"ಕಾಲಿಗೆ ಏನೂ ಆಗಿಲ್ಲ ಮಾರಾಯ" ಎಂದು ನಾನು ಬೈದರೆ, "ಕಾಲಿಗೆ ಅದು ಗೊತ್ತು ಶಶಿ, ನನಗೆ ಗೊತ್ತಿಲ್ಲ" ಎನ್ನುತ್ತಿದ್ದ. ನನ್ನ ವಿದ್ಯೆಯೆಲ್ಲ ಖರ್ಚಾಯಿತು. ನವೆಂಬರ್ ಹೋಯಿತು. ಮೈದಾನದ ಬದಿಯಲ್ಲಿ ಆ ನೀರಿನ ವಾಸನೆ ಕುಡಿಯುತ್ತಾ ನಿಂತು, ಅವನು ಪ್ರತಿಸಲ ಎಡಗಾಲನ್ನು ಮುದ್ದು ಮಾಡುವುದನ್ನು ನೋಡುತ್ತಾ ನನಗೆ ಅಳು ಬರುತ್ತಿತ್ತು.

ಈಗ ಹಸನಾಕನ ವಿಷಯ. ಉಳ್ಳಾಲದ ಬ್ಯಾರಿ ಮುಸ್ಲಿಮರು ಅವರು, ಹೆಸರು ಹಸನ್. ನಾವೆಲ್ಲ ಗೌರವಕ್ಕೆ ಹಸನಾಕ ಎನ್ನುತ್ತಿದ್ದೆವು. ನಮ್ಮ ಫ್ಲಾಟಿನ ಕೆಳಗೆ ಅವರ ಕೋಲ್ಡ್ ಸ್ಟೋರ್. ಬಹರೈನಿನಲ್ಲಿ ಮೂಲೆಯ ಕಿರಾಣಿ ಅಂಗಡಿಗೆ ಹಾಗೆ ಹೇಳುತ್ತಾರೆ. ಪ್ರಾಯದಲ್ಲಿ ಅವರು ಊರಿನ ಹೆಸರಾಂತ ಕಬಡ್ಡಿ ಆಟಗಾರ. ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದವರೇ ಅಂಗಡಿಯ ಹಿಂದಿನ ಖಾಲಿ ಜಾಗದ ಮರಳಿಗೆ ನೀರು ಹೊಡೆಸಿ, ಅವಧಿ ಮೀರಿದ ಮೈದಾ ಹಿಟ್ಟಿನಿಂದ ಕೋರ್ಟಿನ ಗೆರೆ ಎಳೆಯುತ್ತಿದ್ದರು. ಎಸಿ ರಿಪೇರಿಯವರು, ಅಡುಗೆಯವರು, ದರ್ಜಿಗಳು, ಬ್ಯಾಂಕಿನ ಇಬ್ಬರು ಗುಮಾಸ್ತರು, ಎಲ್ಲ ಕರಾವಳಿಯ ಹುಡುಗರು ಪ್ಯಾಂಟು ಮಡಚಿ ಸೇರುತ್ತಿದ್ದರು. ಉಳುಕಿದ ಬೆರಳಿಗೆ ಪಟ್ಟಿ ಸುತ್ತಲು ನಾನು. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ನಾನು ಡಾಕ್ಟ್ರಕ್ಕ.

ಡಿಸೆಂಬರಿನ ಒಂದು ಶುಕ್ರವಾರ ಸಂಜೆಯ ರಗ್ಬಿ ಅಭ್ಯಾಸಕ್ಕೆ ಮುಂಚೆ ಕೀರನ್‌ಗೆ ಮೊಣಕಾಲಿಗೆ ಪಟ್ಟಿ ಸುತ್ತಿಸಿಕೊಳ್ಳಬೇಕಿತ್ತು. ಕ್ಲಿನಿಕ್ಕಿಗೆ ರಜೆ. ಸೆಗಯಾಕ್ಕೇ ಬಾ ಎಂದೆ. ಚಡ್ಡಿ ಹಾಕಿಕೊಂಡು ಬಂದ ಅವನನ್ನು ನೋಡಿ ಆಟ ನಿಂತಿತು. ಹಸನಾಕ ಬಕ್ರೀದಿನ ಆಡು ನೋಡುವ ಹಾಗೆ ಅವನನ್ನು ಒಂದು ಸುತ್ತು ಬಂದು ನೋಡಿದರು.

"ಡಾಕ್ಟ್ರಕ್ಕ, ಇವ ಎಂತ ಆಡುದು?"

"ರಗ್ಬಿ. ಕಾಲು ಸರಿ ಇಲ್ಲ, ನೀವು ಸುಮ್ಮನಿರಿ."

"ಒಂದು ಜನ ಕಮ್ಮಿ ಉಂಟು. ಒಂದೇ ಒಂದು ರೈಡಿಗೆ ಕಳಿಸುವ. ನಾನುಂಟಲ್ಲ?"

ಬೇಡ ಎಂದು ನಾನು ಬಾಯಿ ತೆರೆದು ತಿರುಗುವಷ್ಟರಲ್ಲಿ ಆ ಪುಣ್ಯಾತ್ಮ ಶೂ ಬಿಚ್ಚಿ ಆಗಿತ್ತು! ಹಸನಾಕ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಹೇಳಿಕೊಟ್ಟರು. ಕಬಡ್ಡಿ ಕಬಡ್ಡಿ ಎನ್ನುತ್ತಾ ಹೋಗಬೇಕು, ಉಸಿರು ಬಿಡಬಾರದು, ಯಾರನ್ನಾದರೂ ಮುಟ್ಟಬೇಕು. ಕೀರನ್ ಒಳಗೆ ಕಾಲಿಡಲು ಹೋದಾಗ ಎದೆಗೆ ಕೈ ಇಟ್ಟು ತಡೆದರು.

"ಹಾಗೆ ಹೋಗುದಲ್ಲ. ಮೊದಲು ಗೆರೆ ಮುಟ್ಟು. ಮುಟ್ಟಿ ಎದೆಗೆ ಕೈ ತಾಗಿಸಿಕೊ. ಆಮೇಲೆ ಒಳಗೆ."

ಅದು ನಮ್ಮಲ್ಲಿ ಯಾರೂ ತಪ್ಪಿಸದ ಕ್ರಮ. ಹುಡುಗರಲ್ಲಿ ದಿನೇಶ ಮುಟ್ಟಿದ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಾನೆ, ಹಸನಾಕ ಬಿಸ್ಮಿಲ್ಲಾ ಎನ್ನುತ್ತಾರೆ. ಕೀರನ್ ಮುಟ್ಟಿ, ತಲೆ ಎತ್ತಿ, "ಏನೆಂದು ಹೇಳಬೇಕು?" ಎಂದು ಕೇಳಿದ. ನಾನು ಅನುವಾದಿಸಿದೆ.

"ಅವನಿಗೆ ಬೇಕಾದ್ದು ಹೇಳ್ಲಿ. ನೆಲಕ್ಕೆ ಎಲ್ಲಾ ಭಾಷೆ ಬರ್ತದೆ" ಎಂದರು ಹಸನಾಕ.

ಹೋದ ನೋಡಿ! ಐರಿಷ್ ಬಾಯಿಯಲ್ಲಿ ಕಬಡ್ಡಿ ಎಂಬುದು ಏನೇನೋ ಆಗಿ ಹೊರಟಿತು. ಬಲಗಡೆಯವನ ಭುಜ ಮುಟ್ಟಿದ, ಮೂವರು ಹಿಡಿಯಲು ಬಂದರೆ ಸರ್ರನೆ ನಡುವೆ ನುಗ್ಗಿದ, ನುಗ್ಗಿದವನು ನೇರ ಹಿಂದಿನ ಗೆರೆಯನ್ನೂ ದಾಟಿ, ಎರಡು ಕೈ ನೆಲಕ್ಕೆ ಬಡಿದು, ಎದ್ದು ನಿಂತು, ಚಪ್ಪಾಳೆಗೆ ಕಾಯುತ್ತಾ ನಕ್ಕ. ಕೋರ್ಟಿಡೀ ಬಿದ್ದು ಬಿದ್ದು ನಗುತ್ತಿತ್ತು. ದಿನೇಶ "ಔಟ್! ಔಟ್!" ಎನ್ನುತ್ತಾ ಹೊಟ್ಟೆ ಹಿಡಿದು ಮರಳಿನಲ್ಲಿ ಹೊರಳುತ್ತಿದ್ದ.

"ಔಟಾ? ಯಾಕೆ ಔಟು? ನಾನು ಗೆರೆ ದಾಟಿದೆನಲ್ಲ!"

"ವಾಪಸ್ ಬರ್ಬೇಕು ಮಾರಾಯ! ಅಲ್ಲಿಗೆ ಹೋದದ್ದಕ್ಕೆ ಪಾಯಿಂಟ್ ಉಂಟಾ? ಮನೆಗೆ ವಾಪಸ್ ಬಂದ್ರೆ ಪಾಯಿಂಟ್!" ಎಂದು ಹಸನಾಕ ಹಣೆ ಚಚ್ಚಿಕೊಂಡರು. ತಪ್ಪು ಅವರದ್ದೇ. ವಾಪಸ್ ಬರಬೇಕೆಂದು ಹೇಳಿಕೊಟ್ಟೇ ಇರಲಿಲ್ಲ. ಊಟಕ್ಕೆ ಕೂತವನಿಗೆ ಬಾಯಿ ತೆರೆ ಎಂದು ಯಾರಾದರೂ ಹೇಳುತ್ತಾರೆಯೇ, ಅವರಿಗೆ ಅದು ಅಷ್ಟು ಸಹಜ.

ಎಲ್ಲರೂ ನಗುತ್ತಿದ್ದಾಗ ನಾನೊಬ್ಬಳು ಮಾತ್ರ ಅವನ ಕಾಲನ್ನೇ ನೋಡುತ್ತಿದ್ದೆ. ಆ ಮೂವರ ನಡುವೆ ನುಗ್ಗುವಾಗ ಅವನು ಊರಿದ್ದು ಎಡಗಾಲು. ಊರಿ, ಬಲಕ್ಕೆ ಚಿಮ್ಮಿದ್ದ. ಕಣ್ಣಾರೆ ಕಂಡಿದ್ದೆ. "ಎಡಗಾಲು! ಕೀರನ್, ನಿನ್ನ ಎಡಗಾಲು!" ಎಂದು ಕಿರುಚಿದೆ. ಏನಾಯಿತೋ ಎಂದು ಹೆದರಿ ಅವನು ಮೊಣಕಾಲು ನೋಡಿಕೊಂಡ. ಏನೂ ಆಗಿರಲಿಲ್ಲ. ಅದೇ ವಿಷಯ. ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಎಂದು ಬಾಯಿ ಬಡಿಯುವವನಿಗೆ ಹೆದರಲು ಪುರುಸೊತ್ತು ಎಲ್ಲಿದೆ?

ಅಂದಿನಿಂದ ಅವನು ಸೆಗಯಾದ ಕಿರಣ. ಕೀರನ್ ಎಂದು ಹೇಳುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಪ್ರತಿ ಶುಕ್ರವಾರ ಬಂದು ರೈಡ್ ಮಾಡುತ್ತಿದ್ದ. ನಾನು ಒಂದು ಷರತ್ತು ಹಾಕಿದ್ದೆ: ಅವನನ್ನು ಎಲ್ಲಿ ಬೇಕಾದರೂ ಹಿಡಿಯಿರಿ, ಎಡಗಾಲು ಮುಟ್ಟಬಾರದು. ಹಸನಾಕ ಅದನ್ನು ಕೋರ್ಟಿನ ನಡುವೆ ನಿಂತು ಘೋಷಿಸಿದರು. "ಕೇಳಿ ಮಕ್ಕಳೇ, ಎಡಗಾಲು ಡಾಕ್ಟ್ರಕ್ಕನ ಸೊತ್ತು. ಮುಟ್ಟಿದವನಿಗೆ ಅಂಗಡಿಯಲ್ಲಿ ಚಾ ಇಲ್ಲ, ಖಲಾಸ್." ಹುಡುಗರು ಪಾಲಿಸಿದರು. ಕೈಗೆ ಸಿಕ್ಕಿದ ಎಡಗಾಲನ್ನು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಬಿಟ್ಟುಬಿಡುತ್ತಿದ್ದರು. ಕಿರಣ ಕಲಿತದ್ದೂ ಬೇಗ. ಮುಟ್ಟುವವನ ಹಾಗೆ ಕೈ ಚಾಚಿ, ಎದುರಿನವ ಮುಂದೆ ಬಾಗಿದ ಕೂಡಲೇ ಅರ್ಧ ಹೆಜ್ಜೆ ಹಿಂದೆ ಸರಿದು, ಅವನು ತೂಕ ತಪ್ಪಿದಾಗ ಪಕ್ಕದಿಂದ ನುಸುಳುವ ಹಸನಾಕನ ಹಳೆಯ ಉಪಾಯ ಅವನ ಕಾಲಿಗೆ ಹತ್ತಿತು. ಆದರೂ ರಗ್ಬಿ ಮೈದಾನಕ್ಕೆ ಹೋದರೆ ಮತ್ತೆ ಅದೇ ಚಿಕ್ಕ ಹೆಜ್ಜೆ, ಅದೇ ಮುದ್ದು.

ಜನವರಿಯಲ್ಲಿ ಒಂದು ಶುಕ್ರವಾರ ಮಳೆ ಬಂತು. ಬಹರೈನಿಗೆ ಮಳೆ ಬಂದರೆ ರಸ್ತೆಯೆಲ್ಲ ಕೆರೆ. ಜನ ಕಿಟಕಿಗೆ ಬಂದು ಮದುವೆ ದಿಬ್ಬಣ ನೋಡುವ ಹಾಗೆ ನೋಡುತ್ತಾರೆ. ಇವತ್ತು ಆಟವಿಲ್ಲ ಎಂದುಕೊಂಡರೆ ಕಿರಣ ಚಡ್ಡಿಯಲ್ಲಿ ನೆನೆಯುತ್ತಾ ಬಂದು ನಿಂತ. ಮುಖದಲ್ಲಿ ಅಂಥ ಖುಷಿಯನ್ನು ನಾನು ಮೊದಲು ನೋಡಿರಲಿಲ್ಲ. "ಇದು ನಮ್ಮೂರು, ಶಶಿ!" ಎಂದ. ನಮ್ಮ ಹುಡುಗರೂ ಕಡಿಮೆ ಮಳೆ ಕಂಡವರೇ? ಎಲ್ಲರೂ ಇಳಿದರು. ಮರಳು ಕೆಸರಾಗಿ, ಮೈದಾ ಗೆರೆ ಚಪಾತಿ ಹಿಟ್ಟಾಗಿ ಕಾಲಿಗೆ ಅಂಟುತ್ತಿತ್ತು.

ಎರಡು ರೈಡ್ ಆದ ಮೇಲೆ ಕಿರಣ ನಡುಗೆರೆಯಲ್ಲಿ ನಿಂತು ನನ್ನನ್ನು ಕರೆದ. "ಇವರಿಗೆ ಹೇಳು. ಇನ್ನು ಎಡಗಾಲನ್ನೂ ಹಿಡಿಯಲಿ."

"ಆಗುವುದಿಲ್ಲ" ಎಂದೆ. "ಹುಚ್ಚಾ ನಿನಗೆ? ಇನ್ನೊಂದು ತಿಂಗಳಲ್ಲಿ ನಿನ್ನ ಪಂದ್ಯ."

"ಅದಕ್ಕೇ. ದುಬೈಯವರಿಗೆ ನಿನ್ನ ಷರತ್ತು ಗೊತ್ತಿಲ್ಲ."

ಹಸನಾಕನಿಗೆ ವಿಷಯ ತಿಳಿಸಿದೆ. ಅವರು ಗಡ್ಡದ ನೀರು ಹಿಂಡಿದರು. "ಕಾಲು ಅವನದ್ದು ಡಾಕ್ಟ್ರಕ್ಕ. ಅವನೇ ಹೇಳಿದ ಮೇಲೆ ಆಯ್ತು. ದಿನೇಶಾ, ಹಿಡಿ. ಸರಿಯಾಗಿ ಹಿಡಿ."

ದಿನೇಶ ಮೂಡುಬಿದಿರೆಯವ, ಎಸಿ ಮೆಕ್ಯಾನಿಕ್ಕು. ಲಿಫ್ಟಿಲ್ಲದೆ ಎಸಿ ಯಂತ್ರ ಹೆಗಲ ಮೇಲೆ ಹೊತ್ತು ಮಹಡಿ ಹತ್ತುವ ಆಸಾಮಿ. ಕಿರಣ ಗೆರೆ ಮುಟ್ಟಿದ, ಎದೆ ಮುಟ್ಟಿದ, ಒಳಗೆ ಹೋದ. ದಿನೇಶ ಕಾಯ್ದು, ಕಾಯ್ದು, ಕೆಸರಿನಲ್ಲಿ ಉದ್ದಕ್ಕೆ ಹಾರಿ ಅದೇ ಎಡಗಾಲಿನ ಹರಡನ್ನು ಎರಡೂ ಕೈಯಲ್ಲಿ ಹಿಡಿದ. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿಗೂ ಕೇಳುತ್ತಿತ್ತು: ಕಬಡ್ಡಿ, ಕಬಡ್ಡಿ, ಕಬಡ್ಡಿ. ನಿಂತಿರಲಿಲ್ಲ! ಕಣ್ಣು ಬಿಟ್ಟರೆ, ಕಿರಣ ಆ ಎಡಗಾಲಿನಿಂದಲೇ ದಿನೇಶನನ್ನು ಎಳೆದುಕೊಂಡು ಒಂದೊಂದೇ ಗೇಣು ಸರಿಯುತ್ತಿದ್ದ. ಮತ್ತಿಬ್ಬರು ಸೊಂಟಕ್ಕೆ ಬಿದ್ದರು. ಕೊನೆಗೆ ಅವರೆಲ್ಲರ ಅಡಿಯಿಂದ ಒಂದು ಉದ್ದದ ಬಿಳಿ ಕೈ ಹೊರಗೆ ಬಂದು, ಚಾಚಿ, ಬೆರಳ ತುದಿಯಿಂದ ನಡುಗೆರೆಯ ಹಿಟ್ಟನ್ನು ಮುಟ್ಟಿತು.

ಮಳೆಯ ಸದ್ದನ್ನು ಮೀರಿ ಸೆಗಯಾ ಕೂಗಿತು. ಹಸನಾಕ ವಯಸ್ಸು ಮರೆತು ಕೆಸರಿನಲ್ಲಿ ಕುಣಿದರು. ಕಿರಣ ಎದ್ದು ನನ್ನ ಹತ್ತಿರ ಬಂದು, ಹಿಟ್ಟು ಮೆತ್ತಿದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದು, "ಈಗ ನನಗೂ ಗೊತ್ತಾಯಿತು" ಎಂದ. ನಾನು ಅತ್ತೆ. ಮಳೆ ಇತ್ತಾದ್ದರಿಂದ ಮರ್ಯಾದೆ ಉಳಿಯಿತು.

ಫೆಬ್ರವರಿ ಕೊನೆಯ ಆ ಮಧ್ಯಾಹ್ನ ಹಸನಾಕನ ವ್ಯಾನಿನಲ್ಲಿ ನಾವೆಲ್ಲ ರಗ್ಬಿ ಮೈದಾನಕ್ಕೆ ಹೋದೆವು. ಖರ್ಜೂರದ ಮರಗಳ ಸಾಲು, ಬೇಲಿಯಾಚೆ ಮರಳು, ಈಚೆ ಕಣ್ಣು ಕುಕ್ಕುವ ಹಸಿರು, ಮತ್ತು ಆ ನೀರಿನ ವಾಸನೆ. ಬಿಯರ್ ಡಬ್ಬಿ ಹಿಡಿದು ಟೋಪಿ ಹಾಕಿದ ಬಿಳಿಯರ ನಡುವೆ ನಮ್ಮ ಪಟಾಲಮ್ಮು ಕಡ್ಲೆ ಪೊಟ್ಟಣ ಹಿಡಿದು ಹಗ್ಗಕ್ಕೆ ಒರಗಿ ನಿಂತಿತು. ಆಟ ಶುರುವಾಯಿತು. ಯಾರನ್ನಾದರೂ ಕೆಡವಿದರೆ ನಮ್ಮವರು "ಔಟ್!" ಎಂದು ಬೆರಳೆತ್ತುತ್ತಿದ್ದರು. ಔಟಾದವನು ಎದ್ದು ಮತ್ತೆ ಆಡಿದರೆ "ಅಂಪೈರ್ ಕುರುಡಾ?" ಎಂದು ದಿನೇಶ ಸಿಟ್ಟಿಗೇಳುತ್ತಿದ್ದ. ಪಕ್ಕದ ಇಂಗ್ಲಿಷ್ ಹೆಂಗಸೊಬ್ಬಳು ಹೆದರಿ ಕುರ್ಚಿ ದೂರ ಎಳೆದುಕೊಂಡಳು. ಕಪ್ಪು ಕನ್ನಡಕದ ಫ್ರೆಂಚ್ ಕೋಚ್ ಸ್ವಲ್ಪ ಆಚೆ ನಿಂತಿದ್ದ.

ಕಿರಣನಿಗೆ ಚೆಂಡೇ ಬರುತ್ತಿಲ್ಲ! ಕಾಯುವುದೇ ವಿಂಗರನ ಕೆಲಸ ಎಂದು ಗೊತ್ತಿದ್ದರೂ ನಾನು ಒಂದೇ ಸಮನೆ ಕಡ್ಲೆ ಜಗಿಯುತ್ತಿದ್ದೆ. ಕೊನೆಗೊಮ್ಮೆ ಬಂತು. ಎದುರಿನವನು ಬೇಕೆಂದೇ ಗೆರೆಯ ಬದಿ ಜಾಗ ಬಿಟ್ಟು ನಿಂತ. ಒಳಗೆ ತಿರುಗಬೇಕಿತ್ತು. ತಿರುಗಲಿಲ್ಲ. ಅದೇ ಚಿಕ್ಕ ಹೆಜ್ಜೆ; ನೆಟ್ಟಗೆ ಓಡಿದ; ಹೊರಗೆ ನೂಕಿಸಿಕೊಂಡು ಜಾಹೀರಾತಿನ ಹಲಗೆಗೆ ಹೋಗಿ ಬಿದ್ದ. ಫ್ರೆಂಚಿನವನು ಮುಖ ತಿರುಗಿಸಿ ತಿಂಡಿಯ ಮೇಜಿನ ಕಡೆ ನಡೆದ. ಬಸ್ಸು ಹೊರಟೇ ಹೋಯಿತು ಎಂದುಕೊಂಡೆ.

ಅರ್ಧ ಆಟದ ವಿರಾಮದಲ್ಲಿ ಕಿರಣ ಹಗ್ಗದ ಹತ್ತಿರ ಬಂದ. ಮುಖ ಸುಣ್ಣದ ಹಾಗಾಗಿತ್ತು. ಹಸನಾಕ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು.

"ಕಿರಣ, ನೀನು ಗೆರೆ ಮುಟ್ಟದೆ ಒಳಗೆ ಹೋದದ್ದಲ್ಲ? ನಾನು ನೋಡಿದೆ. ಚಾ ಅಂಗಡಿಗೆ ಹೋದ ಹಾಗೆ ಹೋದಿ. ಈ ಗೆರೆ ಗೆರೆಯಲ್ವಾ?"

ಕಿರಣ ಅವರನ್ನೇ ನೋಡಿದ. ಸೀಟಿ ಊದಿದಾಗ ಬದಿಯ ಗೆರೆಯ ಹತ್ತಿರ ಬಂದು ಬಗ್ಗಿ, ಆ ವಾಸನೆಯ ಹುಲ್ಲನ್ನು ಮುಟ್ಟಿ, ಎದೆಗೆ ಕೈ ತಾಗಿಸಿಕೊಂಡು ಒಳಗೆ ಕಾಲಿಟ್ಟ.

ಮುಗಿಯಲು ಇನ್ನೇನು ಸ್ವಲ್ಪವೇ ಇತ್ತು, ದುಬೈಯವರು ಮುಂದಿದ್ದರು. ಚೆಂಡು ಕೈಯಿಂದ ಕೈಗೆ, ಕೈಯಿಂದ ಕೈಗೆ ಬಂದು ಕಿರಣನ ಕೈ ಸೇರಿತು. ಅದೇ ಎದುರಾಳಿ, ಅದೇ ಜಾಗ ಬಿಟ್ಟು ನಿಂತ. ನಮ್ಮವರು ಕೂಗತೊಡಗಿದರು: "ಕಬಡ್ಡಿ ಕಬಡ್ಡಿ ಕಬಡ್ಡಿ!" ಎಡಗಾಲು ಊರಿತು! ದೇವರಾಣೆ, ಅದು ಹುಲ್ಲಿಗೆ ಕಚ್ಚಿದ ಸದ್ದು ನನಗೆ ಕೇಳಿತು ಎಂದೇ ಈಗಲೂ ನಂಬುತ್ತೇನೆ. ಬಲಕ್ಕೆ ಚಿಮ್ಮಿದ. ಎದುರಿನವ ಗಾಳಿ ಅಪ್ಪಿಕೊಂಡು ಬಿದ್ದ. ಇನ್ನು ಕೊನೆಯವನೊಬ್ಬ. ಅವನ ಮುಂದೆ ಕಿರಣ ಕೈ ಚಾಚಿದ, ಅವನು ಬಾಗಿದ, ಇವನು ಅರ್ಧ ಹೆಜ್ಜೆ ಹಿಂದೆ. ಸೆಗಯಾದ ಮರಳಿನ ಉಪಾಯ! ಪಕ್ಕದಿಂದ ನುಸುಳಿ ಓಡಿದ, ಓಡಿದ, ಗೆರೆ ದಾಟಿದ.

ದಾಟಿದ್ದೇ ನಮ್ಮ ಹದಿನೈದು ಗಂಟಲು ಒಟ್ಟಿಗೆ ಬಿರಿಯಿತು. "ವಾಪಸ್ ಬಾ! ಕಿರಣಾ, ವಾಪಸ್ ಬಾ!"

ಅಯ್ಯೋ, ಅವರ ಲೆಕ್ಕದಲ್ಲಿ ಆಟ ಅರ್ಧವೇ ಆದದ್ದು! ಆ ಮಾತು ಕಿರಣನಿಗೆ ಎಷ್ಟು ಶುಕ್ರವಾರಗಳಿಂದ ಅಭ್ಯಾಸವಾಗಿತ್ತೆಂದರೆ, ಚೆಂಡು ಕಂಕುಳಲ್ಲಿ ಇಟ್ಟುಕೊಂಡೇ ತಿರುಗಿಬಿಟ್ಟ. ಹಿಂದಿನಿಂದ ಒಬ್ಬ ದಾಂಡಿಗ ಅಟ್ಟಿಸಿಕೊಂಡು ಬರುತ್ತಿದ್ದಾನೆ. ಅವನು ಅಪ್ಪಿದರೆ, ಚೆಂಡು ನೆಲ ಮುಟ್ಟದಿದ್ದರೆ, ಟ್ರೈ ಇಲ್ಲ, ಫ್ರಾನ್ಸ್ ಇಲ್ಲ, ಏನೂ ಇಲ್ಲ. ನಾನು ಹಗ್ಗದ ಮೇಲೆ ಹತ್ತಿ ಗಂಟಲು ಹರಿಯುವಷ್ಟು ಜೋರಾಗಿ ಕೂಗಿದೆ: "ನೆಲ ಮುಟ್ಟು! ಕಿರಣ, ನೆಲ ಮುಟ್ಟು!"

ಆ ಕನ್ನಡವೂ ಅವನಿಗೆ ಬರುತ್ತಿತ್ತು. ಚೆಂಡು ಸಮೇತ ನೆಲಕ್ಕೆ ಬಿದ್ದ. ಆಮೇಲೆ ದಾಂಡಿಗ ಅವನ ಮೇಲೆ ಬಿದ್ದ. ಸೀಟಿ ಊದಿತು. ಟ್ರೈ!

ತಾನು ಕಂಬಗಳ ನಡುವೆ ಹೋಗಿ ಮುಟ್ಟಿಸೋಣ ಎಂದು ತಿರುಗಿದ್ದು, ಟ್ರೈ ಆದ ಮೇಲೆ ಆ ಕಂಬಗಳ ನಡುವೆ ಚೆಂಡು ಒದೆಯುವವನಿಗೆ ಸುಲಭವಾಗಲಿ ಎಂದು, ರಗ್ಬಿಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ ಎಂಬುದು ಇವತ್ತಿಗೂ ಕಿರಣನ ವಾದ. "ಸುಳ್ಳು. ಅವ ಮನೆಗೆ ಬರ್ತಾ ಇದ್ದ" ಎಂಬುದು ಹಸನಾಕನ ವಾದ. ನಾನು ಹಸನಾಕನ ಕಡೆ.

ಫ್ರೆಂಚ್ ಕೋಚಿನ ಬಾಯಿಯ ಹತ್ತಿರ ಹೋದ ಬರ್ಗರ್ ಅಲ್ಲೇ ನಿಂತಿತ್ತು. ಪಂದ್ಯ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು, ಆ ಹಿಂದೆ ಸರಿಯುವ ಹೆಜ್ಜೆಯನ್ನು ಇವನಿಗೆ ಯಾರು ಕಲಿಸಿದ್ದು ಎಂದು ಕೇಳಿದ. ನಾನು ಹಸನಾಕನನ್ನು ತೋರಿಸಿದೆ. ಅವರು ಎದೆ ಉಬ್ಬಿಸಿ "ಉಳ್ಳಾಲ" ಎಂದರು. ಅದು ಯಾವ ಕ್ಲಬ್ಬು ಎಂದು ಅವನು ಕೇಳಿದ. "ಬಿಗ್ ಕ್ಲಬ್" ಎಂದು ಹಸನಾಕ ಕಡ್ಲೆ ಪೊಟ್ಟಣ ಮುಂದೆ ಹಿಡಿದರು.

ಕಾಂಟ್ರಾಕ್ಟು ಬಂದ ದಿನ ಕಿರಣ ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿಗೆ ಓಡಿ ಬಂದು ಹಸನಾಕನನ್ನು ಎತ್ತಿ ತಿರುಗಿಸಿದ. ಬಿಸ್ಕತ್ತಿನ ಡಬ್ಬಿಗಳೆಲ್ಲ ಉರುಳಿದವು. ಬೇಸಿಗೆಗೆ ಅವನು ಹೊರಟಾಗ ಹುಡುಗರೆಲ್ಲ ಸೇರಿ ಕೊಟ್ಟ ಉಡುಗೊರೆ, ಅವಧಿ ಮೀರಿದ ಒಂದು ಪ್ಯಾಕೆಟ್ ಮೈದಾ.

"ವಿಮಾನ ನಿಲ್ದಾಣದಲ್ಲಿ ಇದೇನೆಂದು ಕೇಳಿದರೆ?"

"ಗೆರೆ ಎಂದು ಹೇಳು" ಎಂದರು ಹಸನಾಕ.

ಫ್ರಾನ್ಸಿನಲ್ಲಿ ಅವನು ಮೂರು ಸೀಸನ್ ಆಡಿದ. ಹಸಿರು ಜೆರ್ಸಿಗೆ ಮತ್ತೆ ಕರೆ ಬರಲಿಲ್ಲ. ಆಮೇಲೆ ಊರಿಗೆ ಮರಳಿ, ಅಪ್ಪನ ದನಗಳ ಜೊತೆಗೆ ಊರ ಮಕ್ಕಳ ತಂಡವನ್ನೂ ನೋಡಿಕೊಳ್ಳುತ್ತಿದ್ದಾನೆ. ನಾನೂ ಮಂಗಳೂರಿಗೆ ಬ್ಯಾಗು ಕಟ್ಟಿದೆ. ಮೊನ್ನೆ ಸೆಗಯಾಕ್ಕೆ ಹೋಗಿ ನೋಡಿದರೆ ನಮ್ಮ ಕೋರ್ಟಿನ ಜಾಗದಲ್ಲಿ ಕಾರುಗಳು ನಿಂತಿದ್ದವು. ಒಂದು ಕಾರಿನ ಪಕ್ಕ ಬಗ್ಗಿ ನೆಲ ಮುಟ್ಟಿ ಬಂದೆ. ಮದುಮಗಳು ಮತ್ತೆ ಓಕೆನಾ ಎಂದು ಕೇಳಿದಳು.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅವನು ಫ್ರಾನ್ಸಿಗೆ ಹೋದ ವರ್ಷದ ಒಂದು ಶನಿವಾರ ಸಂಜೆ. ದಿನೇಶ ಮಹಡಿಯ ಮೇಲಿನ ಡಿಶ್ಶನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಅಂತೂ ರಗ್ಬಿ ತೋರಿಸುವ ಫ್ರೆಂಚ್ ಚಾನೆಲ್ ಹಿಡಿದಿದ್ದ. ಹಸನಾಕನ ಅಂಗಡಿಯಲ್ಲಿ, ಐಸ್‌ಕ್ರೀಮ್ ಪೆಟ್ಟಿಗೆಯ ಮೇಲಿನ ಟಿವಿಯ ಮುಂದೆ ನಾವೆಲ್ಲ ಇಕ್ಕಟ್ಟಾಗಿ ನಿಂತಿದ್ದೆವು. ಆಟಗಾರರು ಸಾಲಾಗಿ ಹೊರಗೆ ಬಂದರು. ಎಲ್ಲರೂ ಓಡಿ ಮೈದಾನದೊಳಗೆ ಹೋದರು, ಕೆಂಪು ಕೂದಲಿನವನೊಬ್ಬ ಮಾತ್ರ ಗೆರೆಯಲ್ಲಿ ನಿಂತ. ಬಗ್ಗಿದ. ಮುಟ್ಟಿದ. ಎದೆಗೆ ಕೈ ತಾಗಿಸಿಕೊಂಡ. ನಾವು ಕೂಗಿದ ಕೂಗಿಗೆ ಬೀದಿಯ ಜನ ಅಂಗಡಿಗೆ ಓಡಿ ಬಂದರು.

ಸ್ವಲ್ಪ ಹೊತ್ತಿನಲ್ಲೇ ಅವನು ಎಡಗಾಲು ಊರಿ, ಚಿಮ್ಮಿ, ಮೂಲೆಯಲ್ಲಿ ಟ್ರೈ ಹೊಡೆದ. ನಾವೆಲ್ಲ ಕುಣಿದೆವು, ಹಸನಾಕ ಮಾತ್ರ ಕುಣಿಯದೆ ಟಿವಿಯನ್ನೇ ನೋಡುತ್ತಾ ಕೈ ಎತ್ತಿ ನಮ್ಮನ್ನು ತಡೆದರು. ಪರದೆಯಲ್ಲಿ ಕಿರಣನನ್ನು ಅಪ್ಪಿಕೊಳ್ಳಲು ಅವನ ತಂಡದವರೆಲ್ಲ ಓಡಿ ಬರುತ್ತಿದ್ದರು. ಅವನು ಅವರ ನಡುವಿನಿಂದ ನುಸುಳಿ, ಮೈದಾನದ ಉದ್ದಕ್ಕೆ ಒಬ್ಬನೇ ಓಡತೊಡಗಿದ. ಇವನಿಗೇನಾಯಿತೆಂದು ಅವರೆಲ್ಲ ನಿಂತು ನೋಡಿದರು, ಕಾಮೆಂಟರಿ ಹೇಳುವ ಫ್ರೆಂಚಿನವನು ಟಿವಿಯಲ್ಲಿ ಬಡಬಡ ಏನೋ ಕೇಳುತ್ತಿದ್ದ. ಕಿರಣ ಮೈದಾನದ ನಟ್ಟನಡುವಿನ ಗೆರೆಗೆ ಬಂದು, ಬಗ್ಗಿ, ಅದನ್ನು ಅಂಗೈಯಿಂದ ಮುಟ್ಟಿದ.

ಹಸನಾಕ ತೋರುಬೆರಳು ಎತ್ತಿದರು. "ಈಗ ಪಾಯಿಂಟ್" ಎಂದರು.